ನನ್ನ ಪುಸ್ತಕವನ್ನು ಕೊನೆಯಿಂದ ಓದಿದರು: ಟೋಕಿಯೊದ ಕೊಮಿಟಿಯಾ ಹೇಗಿತ್ತು

ಜಪಾನಿಗೆ ಹೋದರೆ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಬಿಡಿಸುವವರು ಬೀದಿಬೀದಿಯಲ್ಲಿ ಸಿಗುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಸಿಗುವುದಿಲ್ಲ. ಮಾಂಗಾ ಸಿಗುತ್ತದೆ, ಹೊರಲಾರದಷ್ಟು. ಬಿಡಿಸುವವರು ಮಾತ್ರ ಮನೆಯೊಳಗೆ ಕೂತು ಬಿಡಿಸುತ್ತಿರುತ್ತಾರೆ. ನಾನೂ ಹಾಗೇ ಅಲ್ವಾ? ಹಗಲೆಲ್ಲ ಕಟ್ಟಡಗಳ ನಕ್ಷೆ ಎಳೆಯುವ ಕೆಲಸ, ರಾತ್ರಿ ಹತ್ತರ ಮೇಲೆ ಬಾಗಿಲು ಹಾಕಿಕೊಂಡು ಮಾಂಗಾ. ನನ್ನನ್ನು ಹುಡುಕಿಕೊಂಡು ಹೊರದೇಶದಿಂದ ಯಾರಾದರೂ ಬಂದರೆ ಅವರಿಗೂ ನಾನು ಸಿಗಲಾರೆ.

ಫೆಬ್ರವರಿಯಲ್ಲಿ ಹತ್ತು ದಿನ ರಜೆ ಹಾಕಿ ಟೋಕಿಯೊಗೆ ಹೋದೆ. ಬ್ಯಾಗಿನಲ್ಲಿ ನಾನೇ ಬಿಡಿಸಿ, ನಾನೇ ಜೆರಾಕ್ಸ್ ಮಾಡಿಸಿ, ನಾನೇ ಪಿನ್ ಹೊಡೆದ 16 ಪುಟದ ಪುಸ್ತಕದ 20 ಪ್ರತಿಗಳಿದ್ದವು. ಭಾಷೆ ಕನ್ನಡ. ಮಳೆಯಲ್ಲಿ ಬಸ್ಸು ಕಾಯುವ ಒಬ್ಬ ಅಜ್ಜಿ, ಅವಳ ಕೊಡೆ ಕದ್ದು ಓಡುವ ಒಂದು ನಾಯಿ, ಇಷ್ಟೇ ಕಥೆ. ನನ್ನ ಹಾಗೆ ಬಿಡಿಸುವ ಒಬ್ಬರ ಜೊತೆ ಹತ್ತು ನಿಮಿಷ ಕೂತು ಮಾತಾಡಬೇಕು, ಅದಕ್ಕೇ ಹೊರಟಿದ್ದೆ.

ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ‘ಅನಿಮೆ ಅಭಿಮಾನಿಗಳ ಜೊತೆ ಒಂದು ಮಧ್ಯಾಹ್ನ’ ಎನ್ನುವ ಥರದ ಟೂರ್ ಒಂದಕ್ಕೆ ದುಡ್ಡು ಕಟ್ಟಿದ್ದೆ. ಅನಿಮೆ ಅಂದರೆ ಜಪಾನಿ ಕಾರ್ಟೂನ್ ಚಿತ್ರಗಳು. ಕಂಪನಿಯ ಹೆಸರು ಬೇಡ. ಹನ್ನೆರಡು ಜನ, ಒಬ್ಬ ಗೈಡ್, ಅವನ ಕೈಯಲ್ಲೊಂದು ಪುಟ್ಟ ಬಾವುಟ, ನಮ್ಮೆಲ್ಲರ ಕಿವಿಯಲ್ಲಿ ಇಯರ್‌ಫೋನ್. ಅನಿಮೆ ಸಾಮಾನಿನ ಅಂಗಡಿಗಳು ತುಂಬಿದ ಅಕಿಹಬರಾದಲ್ಲಿ ಅಂಗಡಿಯಿಂದ ಅಂಗಡಿಗೆ ಕುರಿಮಂದೆಯ ಹಾಗೆ ನಡೆದೆವು. ಎಲ್ಲರೂ ಗೊಂಬೆ ಕೊಂಡರು, ನಾಣ್ಯ ಹಾಕಿದರೆ ಪುಟ್ಟ ಆಟಿಕೆ ಉದುರಿಸುವ ಗಾಚಾ ಯಂತ್ರ ತಿರುಗಿಸಿದರು, ಫೋಟೊ ತೆಗೆದರು. ನಾಲ್ಕು ಗಂಟೆಯಲ್ಲಿ ನನ್ನ ಜೊತೆ ಒಬ್ಬರು ಆಡಿದ ಮಾತು ‘ಟಾಯ್ಲೆಟ್ ಎಲ್ಲಿ?’ ಅನ್ನುವುದೊಂದೇ. ಅಕಿಹಬರಾದ ತಪ್ಪಲ್ಲ ಅದು. ಅಂಗಡಿಯಲ್ಲಿ ಎಲ್ಲರ ಮುಖ ಕಪಾಟಿನ ಕಡೆಗೇ ಇರುತ್ತದೆ.

ಶಿಂಜುಕುವಿನ ಸೆಕಾಯ್‌ದೊದಲ್ಲಿ ಸ್ವಲ್ಪ ಆಸೆ ಚಿಗುರಿತು. ಚಿತ್ರಸಾಮಗ್ರಿಯ ದೊಡ್ಡ ಅಂಗಡಿ ಅದು. ಮಾಂಗಾ ವಿಭಾಗದಲ್ಲಿ ಶಾಯಿಯಲ್ಲಿ ಅದ್ದಿ ಬಿಡಿಸುವ ಜಿ-ಪೆನ್ ನಿಬ್ಬುಗಳು, ಕೂದಲೆಳೆಯಂಥ ಗೆರೆಗೆ ಮಾರು-ಪೆನ್ನು, ನೆರಳಿಗೆ ಅಂಟಿಸುವ ಚುಕ್ಕಿ ಹಾಳೆಗಳು, ಅಂಚಿನಲ್ಲಿ ತಿಳಿ ನೀಲಿ ಅಳತೆ ಗೆರೆ ಮುದ್ರಿಸಿದ ಕಾಗದ. ಪಕ್ಕದಲ್ಲಿ ನಿಂತಿದ್ದ ಹುಡುಗಿ ಝೀಬ್ರಾ, ನಿಕ್ಕೊ ಎರಡೂ ಕಂಪನಿಯ ನಿಬ್ಬುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸುತ್ತಿದ್ದಳು. ‘ನಿಕ್ಕೊ ಸ್ವಲ್ಪ ಗಟ್ಟಿ’ ಅಂತ ಹೇಳಲು ನಾಲಿಗೆ ತುದಿಗೆ ಬಂತು. ಭಾಷೆ ಬರಲಿಲ್ಲ. ಅವಳು ಎರಡನ್ನೂ ಕೊಂಡು ಹೋದಳು. ಇನ್ನೊಂದು ದಿನ ತೊಶಿಮಾದ ತೊಕಿವಾಸೊ ಮ್ಯೂಸಿಯಂಗೆ ಹೋದೆ. ತೆಜುಕಾ ಒಸಾಮು, ಇಶಿನೊಮೊರಿ, ಅಕಾತ್ಸುಕಾ, ಫುಜಿಕೊ ಫುಜಿಯೊ ಜೋಡಿ, ಹೀಗೆ ಮಾಂಗಾದ ದೊಡ್ಡ ಹೆಸರುಗಳೆಲ್ಲ ಎಳೆ ವಯಸ್ಸಿನಲ್ಲಿ ಬಾಡಿಗೆಗಿದ್ದ ಮರದ ವಠಾರ ಅದು. 1982ರಲ್ಲಿ ಕೆಡವಿದ್ದನ್ನು ಹಾಗೆಯೇ ಮರುಕಟ್ಟಿ 2020ರಲ್ಲಿ ತೆರೆದರು. ನಾಲ್ಕೂವರೆ ತತಾಮಿ ಚಾಪೆ ಹಿಡಿಸುವಷ್ಟು ಪುಟ್ಟ ಕೋಣೆ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಮೆಟ್ಟಿಲು ಹತ್ತಿದರೆ ಕಿರ್ ಅನ್ನುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಒಬ್ಬರ ಹಾಳೆ ಇನ್ನೊಬ್ಬರ ಕಣ್ಣಿಗೆ ಬೀಳದೆ ಇರುವುದೇ ಸಾಧ್ಯವಿರಲಿಲ್ಲ. ನನಗೆ ಬೇಕಾಗಿದ್ದೂ ಅಂಥ ಇಕ್ಕಟ್ಟೇ.

ಅದು ಸಿಕ್ಕಿದ್ದು ಕೊಮಿಟಿಯಾದಲ್ಲಿ.

ಕೊಮಿಟಿಯಾ ಅಂದರೆ ಸ್ವಂತ ಕಥೆಗಳ ಸಂತೆ. 1984ರಲ್ಲಿ ಶುರುವಾದದ್ದು, ಈಗ ವರ್ಷಕ್ಕೆ ನಾಲ್ಕು ಸಲ ಟೋಕಿಯೊ ಬಿಗ್ ಸೈಟ್ ಅನ್ನುವ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುತ್ತದೆ. ಹೆಚ್ಚಿನವರಿಗೆ ಗೊತ್ತಿರುವುದು ಕಾಮಿಕೆಟ್. 1975ರ ಡಿಸೆಂಬರಿನಲ್ಲಿ 32 ಗುಂಪು, ಸುಮಾರು 700 ಜನ ಸೇರಿ ಆರಂಭಿಸಿದ ಆ ಮೇಳಕ್ಕೆ ಈಗ ಲಕ್ಷಗಟ್ಟಲೆ ಜನ ಬರುತ್ತಾರೆ. ಅಲ್ಲಿ ಜನಪ್ರಿಯ ಅನಿಮೆ, ಗೇಮ್‌ಗಳ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬಿಡಿಸಿದ ಪುಸ್ತಕಗಳೇ ಜಾಸ್ತಿ. ಕೊಮಿಟಿಯಾದಲ್ಲಿ ಅದಕ್ಕೆ ಜಾಗವಿಲ್ಲ. ಪಾತ್ರ, ಕಥೆ ಎಲ್ಲವೂ ನಿಮ್ಮದೇ ಆಗಿರಬೇಕು. ನನ್ನಂಥ ಹೊರಗಿನವಳಿಗೆ ಇದರಿಂದ ಒಂದು ದೊಡ್ಡ ಲಾಭ. ಯಾವ ಸರಣಿಯ ಎಷ್ಟನೇ ಭಾಗ ಅಂತ ತಿಳಿದಿರಬೇಕಾಗಿಲ್ಲ. ಅಲ್ಲಿರುವ ಹೆಚ್ಚಿನ ಪುಸ್ತಕಗಳು ಪಕ್ಕದ ಮೇಜಿನವರಿಗೂ ಹೊಸವೇ.

ಶಿಂಬಾಶಿಯಿಂದ ಯುರಿಕಾಮೊಮೆ ರೈಲು ಹಿಡಿದೆ. ಅದಕ್ಕೆ ಚಾಲಕನಿಲ್ಲ, ಮುಂದಿನ ಸೀಟು ಸಿಕ್ಕರೆ ರೈಲು ಓಡಿಸುತ್ತಿರುವುದು ನಾವೇ ಅನಿಸುತ್ತದೆ. ರೇನ್‌ಬೋ ಸೇತುವೆ ದಾಟಿ ಟೋಕಿಯೊ ಬಿಗ್ ಸೈಟ್ ನಿಲ್ದಾಣದಲ್ಲಿ ಇಳಿದರೆ ಎದುರಿಗೆ ಆ ಕಟ್ಟಡದ ತಲೆಕೆಳಗಾದ ಪಿರಮಿಡ್ಡುಗಳು. ಹತ್ತಿರದಲ್ಲೇ ನೆಲ ಕೊಯ್ಯುತ್ತಿರುವ ಒಂದು ದೈತ್ಯ ಗರಗಸದ ಶಿಲ್ಪ. ಸಮುದ್ರದ ಗಾಳಿ ಅದಕ್ಕಿಂತ ಚೆನ್ನಾಗಿ ಕೊಯ್ಯುತ್ತಿತ್ತು. ಫೆಬ್ರವರಿಯಲ್ಲಿ ಹೋಗುವವರು ಕಿವಿ ಮುಚ್ಚುವ ಟೋಪಿ ಇಟ್ಟುಕೊಳ್ಳಿ. ಸಾಲಿನಲ್ಲಿ ಒಂದು ಗಂಟೆಯ ಮೇಲೆ ನಿಂತೆ. ಯಾರೂ ನುಗ್ಗಲಿಲ್ಲ, ಯಾರೂ ಗೊಣಗಲಿಲ್ಲ. ಮುಂದಿದ್ದವನು ಕ್ಯಾಟಲಾಗಿನಲ್ಲಿ ಗುರುತು ಹಾಕುತ್ತಿದ್ದ. ‘ತಿಯಾಜ್ ಮ್ಯಾಗಜೀನ್’ ಅಂತ ಅದರ ಹೆಸರು. ಒಬ್ಬೊಬ್ಬ ಕಲಾವಿದರಿಗೂ ಅದರಲ್ಲಿ ಒಂದು ಪುಟ್ಟ ಚೌಕ, ಅಂಚೆಚೀಟಿಗಿಂತ ತುಸು ದೊಡ್ಡದು. ಇಂಥವು ಸಾವಿರಾರು. ಜಪಾನಿ ಓದಲು ಬಾರದಿದ್ದರೂ ಈ ಚೌಕಗಳನ್ನು ನೋಡಿಯೇ ಯಾವ ಮೇಜಿಗೆ ಹೋಗಬೇಕು ಅಂತ ಆರಿಸಬಹುದು. ನಾನು ಹಿಂದಿನ ರಾತ್ರಿ ಮಳೆ, ನಾಯಿ, ಅಜ್ಜಿ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿಟ್ಟಿದ್ದೆ. 31 ಸುತ್ತುಗಳಾದವು. ಅಜ್ಜಿಯರು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದರು.

ಹನ್ನೊಂದಕ್ಕೆ ಧ್ವನಿವರ್ಧಕದಲ್ಲಿ ಏನೋ ಹೇಳಿದರು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಮೇಜಿನ ಹಿಂದಿದ್ದವರು, ಮುಂದಿದ್ದವರು, ಸಾಲು ಕಾಯುವ ಸ್ವಯಂಸೇವಕರು, ಎಲ್ಲರೂ. ಇಲ್ಲಿ ಗಿರಾಕಿ ಅನ್ನುವ ಮಾತೇ ಇಲ್ಲವಂತೆ. ಪುಸ್ತಕ ಇಟ್ಟವರೂ ಭಾಗವಹಿಸುವವರು, ಕೊಳ್ಳುವವರೂ ಭಾಗವಹಿಸುವವರು. ಸುಮ್ನೆ ಚಂದಕ್ಕೆ ಹೇಳುತ್ತಾರೆ ಅಂದುಕೊಂಡಿದ್ದೆ. ಚಪ್ಪಾಳೆ ಕೇಳಿದ ಮೇಲೆ ಹಾಗನ್ನಿಸಲಿಲ್ಲ.

ಪುಸ್ತಕ ಮಾಡಿ ತರುವ ಗುಂಪಿಗೆ ‘ಸರ್ಕಲ್’ ಅನ್ನುತ್ತಾರೆ. ಒಂದು ಸರ್ಕಲ್‌ಗೆ ಸಿಗುವುದು ಅರ್ಧ ಮೇಜು, 90 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ. ಒಬ್ಬರೇ ಇದ್ದರೂ ಅದು ಸರ್ಕಲ್ಲೇ. ಆ ಅರ್ಧ ಮೇಜಿನಲ್ಲಿ ಮೇಜುಬಟ್ಟೆ, ಪುಸ್ತಕದ ಗುಡ್ಡೆ, ಬೆಲೆ ಬರೆದ ಚೀಟಿ, ಚಿಲ್ಲರೆ ಡಬ್ಬಿ. ಹಿಂದೆ ಮಡಚುವ ಕುರ್ಚಿಯಲ್ಲಿ ಬಿಡಿಸಿದವರೇ ಕೂತಿರುತ್ತಾರೆ. ನಾನು ಹತ್ತು ದಿನ ಹುಡುಕಿದವರು ಇಲ್ಲಿ ಸಾಲುಸಾಲಾಗಿ ಕೂತಿದ್ದಾರೆ!

ಕಂಡ ಕೂಡಲೇ ಮಾತಾಡಿಸಿಬಿಟ್ಟೆ ಅಂದುಕೊಳ್ಳಬೇಡಿ. ಮೊದಲ ಮುಕ್ಕಾಲು ಗಂಟೆ ನಾನು ಕಳ್ಳಿಯ ಹಾಗೆ ಓಡಾಡಿದೆ. ಮೇಜಿನ ಹತ್ತಿರ ಹೋಗುವುದು, ಅವರು ತಲೆಯೆತ್ತಿದ ಕೂಡಲೇ ಮುಂದಕ್ಕೆ ಹೋಗುವುದು. ಅವರೂ ನನ್ನಂಥವರೇ, ಕಣ್ಣು ತಪ್ಪಿಸುತ್ತಿದ್ದರು. ನಾಚಿಕೆಯವರು ನಾಚಿಕೆಯವರನ್ನು ಹುಡುಕಿ ಹೋದರೆ ಇನ್ನೇನಾಗುತ್ತದೆ?

ನನ್ನನ್ನು ಕಾಪಾಡಿದ್ದು ಮಾದರಿ ಪ್ರತಿಗಳ ಮೂಲೆ. ಆ ದಿನದ ಹೊಸ ಪುಸ್ತಕಗಳ ಒಂದೊಂದು ಪ್ರತಿಯನ್ನು ಅಲ್ಲಿ ಉದ್ದ ಮೇಜುಗಳ ಮೇಲೆ ಜೋಡಿಸಿರುತ್ತಾರೆ. ಯಾರು ಬೇಕಾದರೂ ನಿಂತು ಓದಬಹುದು. ಹಿಡಿಸಿದರೆ ಅದರ ಮೇಲಿನ ಮೇಜಿನ ಸಂಖ್ಯೆ ಬರೆದುಕೊಂಡು ನೇರವಾಗಿ ಅಲ್ಲಿಗೆ ಹೋಗಬಹುದು. ನನ್ನ ಮಟ್ಟಿಗೆ ಕೊಮಿಟಿಯಾದ ಅತ್ಯುತ್ತಮ ಏರ್ಪಾಡು ಇದೇ. ಯಾಕೆಂದರೆ ಆಮೇಲೆ ನೀವು ಮೇಜಿನ ಮುಂದೆ ನಿಂತಾಗ ಅಪರಿಚಿತರಲ್ಲ, ಓದಿ ಬಂದವರು. ನಾನು ಆರು ಸಂಖ್ಯೆ ಬರೆದುಕೊಂಡೆ. ಅದರಲ್ಲೊಂದು ಪೂರ್ತಿ ಮಳೆಯ ಪುಸ್ತಕ. 24 ಪುಟ, ಮಾತೇ ಇಲ್ಲ, ಬರೀ ಮಳೆಯ ಸದ್ದು.

ಆ ಮೇಜಿನಲ್ಲಿ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬೆರಳಲ್ಲಿ ಒಣಗಿದ ಶಾಯಿ. ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯ ಒಪ್ಪಿಸಿದೆ: ‘ಮಿತೆ ಮೊ ಈ ದೆಸ್ ಕಾ?’ ನೋಡಬಹುದಾ ಅಂತ ಅರ್ಥ. ಇದೊಂದನ್ನು ಕೇಳದೆ ಪುಸ್ತಕ ಮುಟ್ಟಬೇಡಿ. ಅವರು ‘ದೋಜೊ’ ಅಂದರು. ನೋಡಿದೆ. ‘ಶಿಂಕಾನ್ ಇಚಿಬು ಕುದಾಸಾಯ್’, ಹೊಸ ಪುಸ್ತಕ ಒಂದು ಪ್ರತಿ ಕೊಡಿ. 500 ಯೆನ್ ನಾಣ್ಯ ಕೊಟ್ಟೆ. ಅಲ್ಲಿಗೆ ನನ್ನ ಜಪಾನಿ ಮುಗಿಯಿತು. ಮುಗಿದ ಮೇಲೆ ಮಾಡಬಹುದಾದದ್ದು ಒಂದೇ: ನನ್ನ ಪುಸ್ತಕ ತೆಗೆದು ಎರಡೂ ಕೈಯಲ್ಲಿ ಚಾಚಿದೆ.

ಅವರು ಅದನ್ನು ತೆಗೆದುಕೊಂಡು ತಲೆಬಾಗಿ, ಕೊನೆಯ ಪುಟದಿಂದ ತೆರೆದರು.

ಜಪಾನಿ ಪುಸ್ತಕ ಬಲದಿಂದ ಎಡಕ್ಕೆ ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹದಿನೈದು ವರ್ಷದಿಂದ ಮಾಂಗಾ ಓದುತ್ತಿದ್ದೇನೆ. ಆದರೆ ನನ್ನ ಪುಸ್ತಕವನ್ನೂ ಒಬ್ಬರು ಹಾಗೆ ತೆರೆಯಬಹುದು ಅಂತ ಹೊಳೆದೇ ಇರಲಿಲ್ಲ. ತಡೆಯಲು ಬಾಯಿ ಬರಲಿಲ್ಲ. ಅವರು ಒಂದೊಂದೇ ಪುಟ ನೋಡುತ್ತ ಹೋದರು. ಕೊನೆಗೆ, ಅಂದರೆ ಮೊದಲ ಪುಟದಲ್ಲಿ, ನಕ್ಕರು, ಕಣ್ಣೊರೆಸಿಕೊಂಡರು, ಫೋನಿನ ಅನುವಾದಕ್ಕೆ ಏನೋ ಹೇಳಿದರು. ಪರದೆಯಲ್ಲಿ ಬಂತು: ‘ಒಳ್ಳೆಯ ನಾಯಿ. ಬಸ್ಸಿನಲ್ಲಿ ಬಂದು ಅಜ್ಜಿಗೆ ಕೊಡೆ ಕೊಟ್ಟಿತು.’

ನನ್ನ ಕಥೆಯಲ್ಲಿ ನಾಯಿ ಕೊಡೆ ಕದ್ದು ಬಸ್ಸು ಹತ್ತಿ ಹೋಗುತ್ತದೆ. ಅಜ್ಜಿ ನೆನೆಯುತ್ತ ನಿಲ್ಲುತ್ತಾಳೆ. ಅವರ ಕಥೆ ನನ್ನದಕ್ಕಿಂತ ಚೆನ್ನಾಗಿತ್ತು. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ಕೈಸನ್ನೆಯಲ್ಲಿ ಎಡದಿಂದ ಬಲಕ್ಕೆ ಅಂತ ತೋರಿಸಿದೆ. ಅವರು ಬಾಯಿ ಮುಚ್ಚಿಕೊಂಡು ‘ಆ!’ ಅಂದರು. ಪಕ್ಕದಲ್ಲಿ ಅವರ ಗೆಳತಿಯ ಖಾಲಿ ಕುರ್ಚಿಯಿತ್ತು, ಅದರಲ್ಲಿ ಕೂತು ಮೊದಲಿನಿಂದ ಓದಿಸಿ ಅಂದರು. ಒಳಗೆ ಕೂರಬಹುದೋ ಇಲ್ಲವೋ ಅಂತ ನನಗೆ ದಿಗಿಲು. ಮೇಜಿನ ಹೊರಗೇ, ಓಡಾಡುವವರಿಗೆ ಅಡ್ಡವಾಗದ ಹಾಗೆ ಬಾಗಿ ನಿಂತೆ. ಬೆನ್ನು ನೋವು ಎರಡು ದಿನ ಇತ್ತು.

ನಾವು ಮಾತಾಡಿದ್ದು ಸದ್ದುಗಳಲ್ಲಿ. ನನ್ನ ಎರಡನೇ ಪುಟದಲ್ಲಿ ಜಿಟಿಜಿಟಿ ಮಳೆ. ಅದನ್ನು ಓದಿ ಹೇಳಿದೆ. ಅವರು ತಮ್ಮ ಪುಸ್ತಕದ ಮೂರನೇ ಪುಟ ತೆಗೆದು ತೋರಿಸಿದರು: ಶಿತೊಶಿತೊ. ಅದೇ ಮಳೆ! ನನ್ನ ಗುಡುಗುಡು ಅವರಲ್ಲಿ ಗೊರೊಗೊರೊ. ನನ್ನ ಅಜ್ಜಿಯ ಎದೆ ಡವಡವ, ಅವರದ್ದು ದೊಕಿದೊಕಿ. ಥಳಥಳ ಅಂದರೆ ಕಿರಾಕಿರಾ. ಎರಡು ಭಾಷೆಯಲ್ಲೂ ಸದ್ದನ್ನು ಎರಡು ಸಲ ಹೇಳಿದರೇ ಸಮಾಧಾನ. ಮೌನಕ್ಕೂ ಮಾಂಗಾದಲ್ಲಿ ಒಂದು ಸದ್ದಿದೆ, ‘ಶೀನ್’. ಖಾಲಿ ಕೋಣೆಯ ಚಿತ್ರದ ಮೇಲೆ ಬರೆಯುತ್ತಾರೆ. ನಿಮ್ಮಲ್ಲಿ ಅದಕ್ಕೇನು ಅಂತ ಕಣ್ಣಲ್ಲೇ ಕೇಳಿದರು. ಒಂದು ಕ್ಷಣ ತಡಬಡಾಯಿಸಿ ‘ಗವ್’ ಅಂದೆ. ಗವ್ವೆನ್ನುವ ಕತ್ತಲೆ, ಗವ್ವೆನ್ನುವ ಮನೆ. ಅವರು ಅದನ್ನು ನಾಲ್ಕು ಸಲ ಹೇಳಿ ನೋಡಿ, ಚೀಟಿಯಲ್ಲಿ ಬರೆದುಕೊಂಡರು.

ಅವರಿಗೆ ಒತ್ತಕ್ಷರಗಳು ಬಹಳ ಹಿಡಿಸಿದವು. ಅಕ್ಷರದ ಕಾಲಡಿ ಇನ್ನೊಂದು ಪುಟ್ಟ ಅಕ್ಷರ ನೇತಾಡುವುದನ್ನು ಬೆರಳಿಟ್ಟು ನೋಡಿದರು. ಆದರೆ ಒಂದು ಮಾತು ಸರಿಯಾಗಿಯೇ ಹೇಳಿದರು. ನನ್ನ ಮಾತಿನ ಗುಳ್ಳೆಗಳು ಎತ್ತರವಾಗಿ, ಕಿರಿದಾಗಿವೆ. ಅದು ಜಪಾನಿ ಗುಳ್ಳೆ, ಮೇಲಿಂದ ಕೆಳಕ್ಕೆ ಬರೆಯುವವರಿಗೆ ಮಾಡಿದ್ದು. ನಿನ್ನ ಅಕ್ಷರ ಅಡ್ಡಕ್ಕೆ ಓಡುತ್ತದೆ, ಗುಳ್ಳೆ ಯಾಕೆ ನೆಟ್ಟಗೆ ನಿಂತಿದೆ? ಇಷ್ಟು ವರ್ಷ ನಾನು ಕನ್ನಡವನ್ನು ಆ ಗುಳ್ಳೆಗಳೊಳಗೆ ಮಡಚಿ ಮಡಚಿ ತುರುಕುತ್ತಿದ್ದೆ. ಹೊರಗಿನವರು ಹೇಳಬೇಕಾಯಿತು.

ಹತ್ತು ನಿಮಿಷ ಬೇಕು ಅಂತ ಹೋದವಳು ನಲವತ್ತು ನಿಮಿಷ ನಿಂತಿದ್ದೆ. ನಡುನಡುವೆ ಅವರ ಬೇರೆ ಓದುಗರು ಬರುತ್ತಿದ್ದರು, ಆಗ ಪಕ್ಕಕ್ಕೆ ಸರಿಯುತ್ತಿದ್ದೆ. ಇದು ಮುಖ್ಯ. ಅದು ಅವರ ತಿಂಗಳುಗಟ್ಟಲೆ ದುಡಿಮೆಯ ಒಂದು ದಿನ, ನಮ್ಮ ಹರಟೆಕಟ್ಟೆಯಲ್ಲ.

ಮಧ್ಯಾಹ್ನ ಪತ್ರಿಕೆಗಳ ಸಂಪಾದಕರು ಕೂರುವ ಕಡೆಗೂ ಹೋದೆ. ಹತ್ತಾರು ಮಾಂಗಾ ಪತ್ರಿಕೆಗಳ ಸಂಪಾದಕರು ಮೇಜು ಹಾಕಿಕೊಂಡು ಕೂತಿರುತ್ತಾರೆ. ಸಾಲಿನಲ್ಲಿ ನಿಂತು ನಿಮ್ಮ ಹಾಳೆ ತೋರಿಸಬಹುದು. ಕೈಯಲ್ಲಿ ಕವರು ಹಿಡಿದು ನಿಂತ ಹುಡುಗ ಹುಡುಗಿಯರ ಮುಖ ಪರೀಕ್ಷೆಯ ದಿನದ ಮುಖ. ನನ್ನದನ್ನು ನೋಡಿದ ಸಂಪಾದಕರದ್ದು ಮಾತು ಕಮ್ಮಿ. ಪುಟ ತಿರುವಿ, ಮತ್ತೆ ಹಿಂದಕ್ಕೆ ತಿರುವಿ, ನಾಯಿ ಕೊಡೆ ಕಚ್ಚುವ ಚೌಕದ ಮೇಲೆ ಬೆರಳಿಟ್ಟರು. ‘ಮೆಕುರಿ’ ಅಂದರು. ಪುಟ ಮಗುಚುವ ಜಾಗ. ಬೆಚ್ಚಿಬೀಳಿಸುವ ಚಿತ್ರ ಮಗುಚಿದ ಮೇಲೆ ಕಾಣಬೇಕು, ಮೊದಲೇ ಎದುರು ಪುಟದಲ್ಲಿ ಕಣ್ಣಿಗೆ ಬಿದ್ದರೆ ಕೆಟ್ಟಿತು. ನಾನು ಕಲಿತದ್ದೆಲ್ಲ ಬಲದಿಂದ ಎಡಕ್ಕೆ ಹೋಗುವ ಪುಸ್ತಕಗಳಿಂದ. ನನ್ನ ಪುಸ್ತಕ ಹೋಗುವುದು ಎಡದಿಂದ ಬಲಕ್ಕೆ. ಪುಟ ಜೋಡಿಸುವಾಗ ಅದನ್ನೇ ಮರೆತಿದ್ದೆ. ಎಂಟು ನಿಮಿಷದ ಭೇಟಿ, ದುಡ್ಡಿಲ್ಲ, ಭಾಷೆಯೂ ಸರಿಯಾಗಿ ಇಲ್ಲ. ಆ ಟೂರಿಗೆ ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಈಗ ಹೋಗುವವರಿಗೆ ನಾಲ್ಕು ಮಾತು. ಚಿಲ್ಲರೆ, ಚಿಲ್ಲರೆ, ಚಿಲ್ಲರೆ. 100, 500 ಯೆನ್ ನಾಣ್ಯ, 1,000 ಯೆನ್ ನೋಟು. ನಾನು 10,000ದ ನೋಟು ಚಾಚಿದಾಗ ಒಬ್ಬ ಹುಡುಗನ ಮುಖ ಬಿಳಚಿಕೊಂಡಿತು. ಫೋಟೊ ಕೇಳದೆ ತೆಗೆಯಬೇಡಿ. ಹೆಸರು ಕೇಳಬೇಡಿ, ಎಲ್ಲರದ್ದೂ ಪೆನ್‌ನೇಮ್. ಚೀಟಿಯಲ್ಲಿ ಚಿತ್ರ ಹಂಚಿಕೊಳ್ಳುವ ಪಿಕ್ಸಿವ್ ಜಾಲತಾಣದ ವಿಳಾಸವಿರುತ್ತದೆ, ಅಷ್ಟು ಸಾಕು. ನಿಮ್ಮ ಪುಸ್ತಕವನ್ನು ಓಡಾಡುತ್ತ ಹಂಚಲು ಅಥವಾ ಮಾರಲು ಹೋಗಬೇಡಿ. ಅದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ ಮೇಜು ಪಡೆಯಬೇಕು. ಕೊಂಡ ಮೇಲೆ ಆ ಕಲಾವಿದರಿಗೆ ಒಂದು ಪ್ರತಿಯನ್ನು ಉಡುಗೊರೆಯಾಗಿ ಕೊಟ್ಟರೆ ಸಂತೋಷದಿಂದಲೇ ತೆಗೆದುಕೊಳ್ಳುತ್ತಾರೆ. ನಾನು ಹಾಗೆ ಕೊಟ್ಟದ್ದು ಒಂಬತ್ತು. ಒಳಗೆ ಹೋಗುವ ಟಿಕೆಟ್ಟು, ಕ್ಯಾಟಲಾಗು ಎರಡರ ವಿಚಾರವನ್ನೂ ಆಯಾ ಸಲದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಕೊರತೆ ಇಲ್ಲವೇ? ಇದೆ. ಬಹುತೇಕ ಎಲ್ಲವೂ ಜಪಾನಿಯಲ್ಲಿ. 2012ರ ನವೆಂಬರಿನಲ್ಲಿ ಕೊಮಿಟಿಯಾದ ಒಳಗೇ ‘ಕೈಗಾಯ್ ಮಾಂಗಾ ಫೆಸ್ಟಾ’ ಅಂತ ಹೊರದೇಶದ ಕಾಮಿಕ್ ಕಲಾವಿದರಿಗೆಂದೇ ಒಂದು ಮೇಳ ಶುರುವಾಗಿತ್ತು. ನಾನು ಹೋದದ್ದು ಬರೀ ಮಾಮೂಲಿ ದಿನ, ಅಂಥ ಸಹಾಯವೇನೂ ಇರಲಿಲ್ಲ. ಅನಿಮೆ ಹಾಡು, ಧ್ವನಿ ಕಲಾವಿದರು, ವೇಷಭೂಷಣ ಇವೆಲ್ಲ ನಿಮಗೆ ಬೇಕಾದರೆ ಇಲ್ಲಿ ಬೇಜಾರಾಗುತ್ತದೆ. ಜೊತೆಯಲ್ಲಿ ಬಿಡಿಸದ, ಓದದ ಗೆಳೆಯರಿದ್ದರಂತೂ ಅವರನ್ನು ಬೇರೆಲ್ಲಾದರೂ ಬಿಟ್ಟು ಬನ್ನಿ. ಇಡೀ ದಿನ ನಿಂತೇ ಇರಬೇಕು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ನನ್ನ ಬೆನ್ನಿನ ಲೆಕ್ಕಕ್ಕೆ.

ಮುಗಿಯುವ ಹೊತ್ತಿಗೆ ಮಳೆಯ ಪುಸ್ತಕದ ಮೇಜಿಗೆ ಮತ್ತೆ ಹೋದೆ. ಅವರು ನನ್ನ ಸ್ಕೆಚ್‌ಬುಕ್ಕಿನಲ್ಲಿ ಒಂದು ಚಿತ್ರ ಹಾಕಿಕೊಟ್ಟರು. ಬಸ್ಸಿನ ಕಿಟಕಿಯಲ್ಲಿ ನಾಯಿ, ಬಾಯಲ್ಲಿ ಕೊಡೆ. ಮೇಲೆ ಕನ್ನಡದಲ್ಲಿ ‘ಗುಡುಗುಡು’, ನನ್ನ ಪುಸ್ತಕ ನೋಡಿ ಬರೆದದ್ದು. ಎರಡು ಡು ಸರಿಯಾಗಿವೆ. ಒಂದು ಗು ಕನ್ನಡಿಯಲ್ಲಿ ಕಂಡ ಹಾಗೆ ಆ ಕಡೆ ತಿರುಗಿದೆ. ನಾಲ್ಕು ಗಂಟೆಗೆ ಮತ್ತೆ ಚಪ್ಪಾಳೆಯಾಯಿತು. ಕುರ್ಚಿ ಮಡಚುವ ಸದ್ದು ಸಭಾಂಗಣದ ತುಂಬ ಪಟಪಟ.

ಈಗ ಹೊಸ ಪುಸ್ತಕ ಶುರುಮಾಡಿದ್ದೇನೆ. ಗುಳ್ಳೆಗಳೆಲ್ಲ ಅಡ್ಡಕ್ಕೆ. ಅದೇ ಅಜ್ಜಿ, ಅದೇ ನಾಯಿ, 16 ಪುಟ. ಎಡದಿಂದ ಓದಿದರೆ ನಾಯಿ ಕೊಡೆ ಕದಿಯಬೇಕು, ಬಲದಿಂದ ಓದಿದರೆ ತಂದುಕೊಡಬೇಕು. ಎಂಟನೇ ಪುಟದವರೆಗೆ ಎರಡೂ ಕಡೆಯಿಂದ ಸರಿಯಾಗಿದೆ. ಒಂಬತ್ತನೆಯದರಲ್ಲಿ ಮೂರು ವಾರದಿಂದ ಸಿಕ್ಕಿಹಾಕಿಕೊಂಡಿದ್ದೇನೆ.